ಮೊಟ್ಟೆ ಹಾಕಿದ್ದು, ಹಾಕದ್ದು: ಕೈಯಲ್ಲಿ ಮಾಡುವ ಪಾಸ್ತಾ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಇಟಲಿಯವರ ಹಾಗೆ ಕೈಯಲ್ಲೇ ಪಾಸ್ತಾ ಮಾಡಲು ಕಲಿಯಬೇಕೆಂದು ಬಹಳ ದಿನಗಳಿಂದ ಆಸೆ. ಆದರೆ ನೋಡಿದಲ್ಲೆಲ್ಲ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂದೇ ಬರೆದಿರುತ್ತಾರೆ. ಬರೀ ನೀರಿನಲ್ಲಿ ಮೈದಾ ಕಲಸಿ ಮಾಡಿ ನೋಡಿದೆ, ಬೆಂದ ಮೇಲೆ ಎಲ್ಲವೂ ಅಂಟಂಟಾಯಿತು. ಮೊಟ್ಟೆಯಿಲ್ಲದ್ದನ್ನು ನಿಜವಾದ ಪಾಸ್ತಾ ಎನ್ನಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತವಾಗಿ ಎನ್ನಬಹುದು. ನೀವು ಓದಿದ ಅಳತೆ ತಪ್ಪಲ್ಲ, ಆದರೆ ಅದು ಇಟಲಿಯ ಒಂದು ಸೀಮೆಯ ಅಳತೆ. ಉತ್ತರದ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದಲ್ಲಿ, ಮುಖ್ಯವಾಗಿ ಬೊಲೊನ್ಯಾ ನಗರದಲ್ಲಿ, ಮೆದು ಗೋಧಿಯ ನುಣ್ಣನೆಯ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ ಕಲಸುತ್ತಾರೆ. ಭೂಪಟದಲ್ಲಿ ಬೂಟಿನಂತೆ ಕಾಣುವ ಇಟಲಿಯ ಹಿಮ್ಮಡಿಯಲ್ಲಿರುವ ಪುಲ್ಯಾ ಪ್ರಾಂತ್ಯಕ್ಕೆ ಹೋದರೆ ಅಲ್ಲಿನ ಹೆಂಗಸರು ಡ್ಯೂರಂ ಎಂಬ ಗಟ್ಟಿ ಗೋಧಿಯ ಸಣ್ಣ ರವೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸುತ್ತಾರೆ, ಅಷ್ಟೇ. ಆದ್ದರಿಂದ ನೀವು ಮಾಡಹೊರಟಿರುವುದು ಮೊಟ್ಟೆಯ ಬದಲಿಗೆ ಹುಡುಕಿಕೊಂಡ ಉಪಾಯವೆಂದು ದಯವಿಟ್ಟು ಭಾವಿಸಬೇಡಿ. ಅದು ಒಂದು ಇಡೀ ಸೀಮೆಯ ದಿನನಿತ್ಯದ ಅಡುಗೆ.

ನಿಮ್ಮ ಪಾಸ್ತಾ ಕೆಟ್ಟಿದ್ದು ಮೊಟ್ಟೆ ಇಲ್ಲದ್ದರಿಂದಲ್ಲ, ಮೈದಾದಿಂದ. ಮೆದು ಗೋಧಿಯ ಹಿಟ್ಟು ಕುದಿಯುವ ನೀರಿಗೆ ಬಿದ್ದೊಡನೆ ತನ್ನ ಗಂಜಿಯನ್ನು ಬಿಟ್ಟುಕೊಡತೊಡಗುತ್ತದೆ. ಬೊಲೊನ್ಯಾದ ಪಾಸ್ತಾದಲ್ಲಿ ಮೊಟ್ಟೆ ಬೆಂದು ಗಟ್ಟಿಯಾಗಿ ಅದನ್ನು ಹಿಡಿದಿಡುತ್ತದೆ. ಡ್ಯೂರಂ ಗೋಧಿಯಲ್ಲಾದರೆ ಕಾಳಿನಲ್ಲೇ ಹೆಚ್ಚಾಗಿರುವ ಪ್ರೋಟೀನು ಆ ಕೆಲಸವನ್ನು ಮಾಡುತ್ತದೆ. ಇಟಲಿಯಲ್ಲಿ ಅಂಗಡಿಯ ಒಣ ಪಾಸ್ತಾವನ್ನು ಡ್ಯೂರಂ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನು ಆದದ್ದನ್ನು ನೋಡಿದರೆ ಈ ಗೋಧಿಯನ್ನು ಅವರು ಎಷ್ಟು ಮುಖ್ಯವೆಂದು ಬಗೆದಿದ್ದಾರೆಂಬುದು ತಿಳಿಯುತ್ತದೆ.

ಅಲ್ಲಿನವರು ಬಳಸುವುದು ಎರಡು ಸಲ ಬೀಸಿದ ನಯವಾದ ರವೆ. ಅದಕ್ಕೆ ಸೆಮೋಲಾ ರಿಮಚಿನಾತಾ ಎಂದು ಹೆಸರು. ನಮ್ಮಲ್ಲಿ ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಡ್ಯೂರಂ ಗೋಧಿಯದೇ ಆದ್ದರಿಂದ ನೀವು ದೂರ ಹುಡುಕಬೇಕಾಗಿಲ್ಲ. ಆದರೆ ಅದು ತರಿಯಾಗಿರುತ್ತದೆ. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತಿರುವಿ, ಸಣ್ಣ ಕಣ್ಣಿನ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಮಾತ್ರ ತೆಗೆದುಕೊಳ್ಳಿ. ಚಿರೋಟಿ ರವೆ ನಯವಾಗಿದ್ದರೂ ಸಾಮಾನ್ಯವಾಗಿ ಬೇರೆ ಗೋಧಿಯದಾಗಿರುತ್ತದೆ. ಅದರಲ್ಲಿಯೂ ಪಾಸ್ತಾ ಆಗುತ್ತದೆ, ಆದರೆ ಹಲ್ಲಿಗೆ ಸಿಗುವ ಆ ಗಟ್ಟಿತನ ಬರುವುದಿಲ್ಲ.

ನಾಲ್ಕು ಜನಕ್ಕೆ 400 ಗ್ರಾಂ ಹಿಟ್ಟು, ಸುಮಾರು 200 ಮಿಲಿಲೀಟರ್ ನೀರು ಸಾಕು. ನೀರನ್ನು ಒಮ್ಮೆಗೇ ಸುರಿಯಬೇಡಿ. ಕಲಸುವಾಗ ಚಪಾತಿ ಹಿಟ್ಟಿಗಿಂತ ಬಹಳ ಗಟ್ಟಿ ಎನಿಸುತ್ತದೆ, ಅಂಚುಗಳು ಬಿರಿಯುತ್ತವೆ, ಇನ್ನಷ್ಟು ನೀರು ಹಾಕೋಣವೆಂದು ಕೈ ತುಡಿಯುತ್ತದೆ. ಆಗ ತಡೆದುಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ಹತ್ತು ನಿಮಿಷ ನಾದಿದರೆ ಅದೇ ಹಿಟ್ಟು ತಾನಾಗಿ ನುಣುಪಾಗುತ್ತದೆ. ಬಳಿಕ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಮನೆಯಲ್ಲಿ ತಿರುವಿದ ರವೆಯಾದರೆ ಒಂದು ಗಂಟೆಯೇ ಬೇಕು, ಏಕೆಂದರೆ ತರಿ ನೀರು ಕುಡಿಯುವುದು ನಿಧಾನ.

ಮೊದಲ ಸಲಕ್ಕೆ ಒರೆಕ್ಕಿಯೆತ್ತೆ ಮಾಡಿ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ಕಿವಿಗಳು. ಪುಲ್ಯಾದ ಬಾರಿ ನಗರದ ಹಳೆಯ ಪೇಟೆಯಲ್ಲಿ ಆರ್ಕೊ ಬಾಸ್ಸೊ ಎಂಬ ಓಣಿಯಿದೆ. ಅಲ್ಲಿ ಹೆಂಗಸರು ಮನೆಯ ಮುಂದೆಯೇ ಹಲಗೆ ಹಾಕಿಕೊಂಡು ಕುಳಿತು ಇವನ್ನು ಮಾಡಿ, ಜಾಲರಿಯ ಚೌಕಟ್ಟಿನ ಮೇಲೆ ಹರಡಿ, ದಾರಿಹೋಕರಿಗೆ ಮಾರುತ್ತಾರೆ. ಹಿಟ್ಟನ್ನು ಬೆರಳು ಗಾತ್ರದ ಬತ್ತಿಯಾಗಿ ಹೊಸೆದು ಒಂದು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ. ಹರಿತವಿಲ್ಲದ ಚಾಕುವಿನ ಬಾಯನ್ನು ತುಂಡಿನ ಆಚೆಯ ಅಂಚಿಗೆ ಒತ್ತಿ ನಿಮ್ಮ ಕಡೆಗೆ ಎಳೆದರೆ ಅದು ತೆಳುವಾಗುತ್ತಾ ಚಾಕುವಿಗೇ ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಬಿಡಿಸಿ, ಹೆಬ್ಬೆರಳ ತುದಿಯ ಮೇಲಿಟ್ಟು, ಒಳಮೈ ಹೊರಗಾಗುವಂತೆ ಮಗುಚಿದರೆ ನಡುವೆ ತೆಳುವಾದ, ಸುತ್ತಲೂ ದಪ್ಪ ಅಂಚಿರುವ ಒಂದು ಕಿವಿ ಸಿದ್ಧವಾಗುತ್ತದೆ. ಹಲಗೆಗೆ ಉಜ್ಜಿ ಒರಟಾದ ಮೈಗೇ ಸಾರು ಹಿಡಿಯುವುದು. ಆದ್ದರಿಂದ ಈ ಹಂತದಲ್ಲಿ ಹಲಗೆಗೆ ಹಿಟ್ಟು ಉದುರಿಸಲೇಬಾರದು. ಉದುರಿಸಿದರೆ ತುಂಡು ಜಾರುತ್ತದೆಯೇ ಹೊರತು ಸುರುಳಿಯಾಗುವುದಿಲ್ಲ. ಗ್ರಾನೈಟ್ ಕಟ್ಟೆಯ ಮೇಲೂ ಇದು ಬರುವುದಿಲ್ಲ, ಮರದ ಮಣೆಯೇ ಬೇಕು. ಮೊದಲ ಇಪ್ಪತ್ತು ಕಿವಿಗಳು ಸೊಟ್ಟಗಾಗುತ್ತವೆ, ಅವೂ ಅಷ್ಟೇ ರುಚಿಯಾಗಿರುತ್ತವೆ.

ಬಾರಿಯಲ್ಲಿ ಇದಕ್ಕೆ ಚೀಮೆ ದಿ ರಾಪಾ ಎಂಬ ಸೊಪ್ಪು ಜೋಡಿ. ಅದು ಸಾಸಿವೆಯ ಬಳಗದ್ದು, ತುಸು ಕಹಿ. ಸಿಗದ ಕಡೆ ಎಳೆಯ ಸಾಸಿವೆ ಸೊಪ್ಪು ಹೊಂದುತ್ತದೆ. ಸೊಪ್ಪನ್ನೂ ಪಾಸ್ತಾವನ್ನೂ ಒಂದೇ ನೀರಿನಲ್ಲಿ ಬೇಯಿಸಿ, ಬಸಿದು, ಆಲಿವ್ ಎಣ್ಣೆಯಲ್ಲಿ ಬಾಡಿಸಿದ ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿಗೆ ಹಾಕಿ ಕಲಕುತ್ತಾರೆ. ಆ ಎಣ್ಣೆಗೆ ಅವರು ಆಂಚೊವಿ ಎಂಬ ಸಣ್ಣ ಮೀನನ್ನೂ ಸೇರಿಸುವುದುಂಟು, ನೀವು ಬಿಟ್ಟುಬಿಡಿ. ಇನ್ನೊಂದು ಮಾತನ್ನು ಹೇಳಲೇಬೇಕು: ಪಾಸ್ತಾದ ಮೇಲೆ ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಚೀಸಿನ ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದ, ಹಾಗಾಗಿ ಅದು ನಿಮ್ಮ ಮನೆಗೆ ಸಲ್ಲದು. ಚೀಸು ಕೊಳ್ಳಲಾಗದ ದಕ್ಷಿಣದ ಬಡವರು ಒಣ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಉದುರಿಸಿಕೊಳ್ಳುತ್ತಿದ್ದರು. ಈ ಸೊಪ್ಪಿನ ಪಾಸ್ತಾಕ್ಕೆ ಅದೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೊಟ್ಟೆ ಹಾಕಿ ತಲ್ಯತೆಲ್ಲೆ ಮಾಡಿದೆ. ಲಟ್ಟಿಸಿ, ಸುತ್ತಿ, ಕತ್ತರಿಸಿದ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಕುದಿಯುವ ನೀರಿನಲ್ಲಿ ಒಂದೇ ಮುದ್ದೆಯಾದವು. ಇದಕ್ಕೆ ಯಂತ್ರವೇ ಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಯಂತ್ರ ಬೇಡ. ಬೊಲೊನ್ಯಾದಲ್ಲಿ ಈ ಕೆಲಸದಲ್ಲಿ ನುರಿತ ಹೆಂಗಸರನ್ನು ಸ್ಫೋಲ್ಯಿನೆ ಎಂದು ಕರೆಯುತ್ತಾರೆ. ಅವರ ಲಟ್ಟಣಿಗೆ ನಮ್ಮದಕ್ಕಿಂತ ಎರಡು ಮೂರು ಪಟ್ಟು ಉದ್ದ, ಏಕೆಂದರೆ ಇಡೀ ಹಿಟ್ಟನ್ನು ಒಂದೇ ಹಾಳೆಯಾಗಿ ಲಟ್ಟಿಸುತ್ತಾರೆ. ಎತ್ತಿ ಹಿಡಿದರೆ ಅದರ ಮೂಲಕ ಊರಾಚೆ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚು ಕಾಣಬೇಕೆಂಬ ಮಾತು ಅಲ್ಲಿದೆ. ನಿಮ್ಮಲ್ಲಿರುವುದು ಚಪಾತಿಯ ಲಟ್ಟಣಿಗೆಯಾದರೆ ಹಿಟ್ಟನ್ನು ನಾಲ್ಕು ಪಾಲು ಮಾಡಿಕೊಂಡು ಲಟ್ಟಿಸಿ.

ನೀವು ತಪ್ಪಿದ್ದು ಬಹುಶಃ ಹಾಳೆಯನ್ನು ಆರಲು ಬಿಡದೆ ಸುತ್ತಿದ್ದರಲ್ಲಿ. ಲಟ್ಟಿಸಿದ ಹಾಳೆಯನ್ನು ಬಟ್ಟೆಯ ಮೇಲೆ ಹರಡಿ, ಮುಟ್ಟಿದರೆ ಪಸೆ ತಾಗದಂತೆ, ಆದರೆ ಮಡಿಸಿದರೆ ಮುರಿಯದಂತೆ ಆರಿಸಬೇಕು. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಹತ್ತು ನಿಮಿಷಕ್ಕೆ ಬರುವ ಆ ಹದಕ್ಕೆ ನಿಮ್ಮ ಕರಾವಳಿಯ ಮಳೆಗಾಲದಲ್ಲಿ ಮುಕ್ಕಾಲು ಗಂಟೆಯಾದರೂ ಹಿಡಿಯಬಹುದು, ಆದ್ದರಿಂದ ಗಡಿಯಾರ ನೋಡದೆ ಬೆರಳಿನಿಂದ ಮುಟ್ಟಿ ನೋಡಿ. ಕತ್ತರಿಸಿದ ಕೂಡಲೇ ಸುರುಳಿಗಳನ್ನು ಬಿಡಿಸಿ ರವೆ ಉದುರಿಸಿ. ಮೊಟ್ಟೆ ದೊಡ್ಡದಾಗಿದ್ದು ಹಿಟ್ಟು ಸಡಿಲವಾದರೂ ಹೀಗಾಗುತ್ತದೆ. ಕೈಗೆ ಅಂಟುತ್ತಿದ್ದರೆ ನಾದುವಾಗಲೇ ಒಂದು ಚಮಚ ಹಿಟ್ಟು ಸೇರಿಸಿ. ಬೇಯಿಸಲು 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಲೀಟರಿಗೆ 10 ಗ್ರಾಂ ಉಪ್ಪು. ನೀರಿಗೆ ಎಣ್ಣೆ ಹಾಕಿದರೆ ಅದು ಮೇಲೆ ತೇಲುತ್ತದೆ, ಪಟ್ಟಿಗಳು ಅಂಟುವುದನ್ನು ತಡೆಯುವುದಿಲ್ಲ. ಹಾಕಿದೊಡನೆ ಒಮ್ಮೆ ಕಲಕಿ, ಎರಡು ಮೂರು ನಿಮಿಷದಲ್ಲಿ ತೆಗೆಯಿರಿ.

ಪಟ್ಟಿ ಎಷ್ಟು ಅಗಲವಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಂದ ತಲ್ಯತೆಲ್ಲೆ 8 ಮಿಲಿಮೀಟರ್ ಅಗಲವಿರಬೇಕೆಂದು 1972ರ ಏಪ್ರಿಲ್ 16ರಂದು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿ, ಆ ಅಳತೆಯ ಚಿನ್ನದ ಮಾದರಿಯೊಂದನ್ನು ಇಟ್ಟಿದ್ದಾರೆ. ಅದು ಆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗವಂತೆ. ಹಸಿಯದನ್ನು 7 ಮಿಲಿಮೀಟರಿಗೆ ಕತ್ತರಿಸಿದರೆ ಬೆಂದಾಗ ಸರಿಹೋಗುತ್ತದೆ.

ಪ್ರಶ್ನೆ: ಶಾವಿಗೆ, ಸವತಿಬೀಜ ಒಣಗಿಸಿ ಡಬ್ಬಿ ತುಂಬಿಡುವಂತೆ ಇದನ್ನೂ ಇಡಬಹುದೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ರವೆ ಮತ್ತು ನೀರಿನದ್ದನ್ನು ಇಡಬಹುದು, ಆದರೆ ನೇರ ಬಿಸಿಲಿಗೆ ಹಾಕಬೇಡಿ. ಒರೆಕ್ಕಿಯೆತ್ತೆ ಶಾವಿಗೆಗಿಂತ ದಪ್ಪವಾದ್ದರಿಂದ ಹೊರಮೈ ಬೇಗ ಒಣಗಿ, ಒಳಗಿನ ಪಸೆ ಉಳಿದು, ಆಮೇಲೆ ಸೀಳುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ, ದಿನಕ್ಕೆರಡು ಸಲ ಕೈಯಾಡಿಸುತ್ತಾ, ಒಂದನ್ನು ಮುರಿದರೆ ನಡುವೆಯೂ ಗಟ್ಟಿಯಾಗಿ ಟಕ್ಕೆನ್ನುವ ತನಕ ಒಣಗಿಸಿ. ಮೊಟ್ಟೆ ಹಾಕಿದ್ದನ್ನು ಡಬ್ಬಿಯಲ್ಲಿಡುವ ಯೋಚನೆಯೇ ಬೇಡ. ಅದನ್ನು ಅಂದೇ ಬೇಯಿಸಿ, ಇಲ್ಲವೇ ರವೆ ಉದುರಿಸಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಲು ಬಿಡದೆ ನೇರವಾಗಿ ಕುದಿಯುವ ನೀರಿಗೆ ಹಾಕಿ.