ದೇವರನ್ನು ನಂಬುವವರು ಕಲೆಯಿಂದ ದೂರ ಇರಬೇಕಾ?

ಬೇಕಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಕಲೆ ದೇವರಿಂದ ದೂರ ಮಾಡುತ್ತೆ ಅನ್ನೋ ಭಯ ಹೊಸದಲ್ಲ. ಬೈಜಾಂಟಿಯಂ ಎಂಬ ಪೂರ್ವ ರೋಮನ್ ಕ್ರೈಸ್ತ ಸಾಮ್ರಾಜ್ಯದಲ್ಲಿ 8ನೇ ಶತಮಾನದಲ್ಲಿ ಪವಿತ್ರ ಚಿತ್ರಗಳ ಬಗ್ಗೆ ಶುರುವಾದ ಜಗಳ 843ರಲ್ಲಿ ಮುಗಿಯಿತು. ಜನ ದೇವರನ್ನು ಬಿಟ್ಟು ಚಿತ್ರವನ್ನೇ ಪೂಜಿಸುತ್ತಾರೆ ಅನ್ನೋದು ವಿರೋಧಿಗಳ ಆತಂಕ. ಎಷ್ಟೋ ಚಿತ್ರಗಳನ್ನು ನಾಶಮಾಡಿದರು. ಕ್ರೈಸ್ತ ಸನ್ಯಾಸಿ ಡಮಾಸ್ಕಸ್‌ನ ಜಾನ್ ಇದನ್ನು ಒಪ್ಪಲಿಲ್ಲ. ದೇವರೇ ಯೇಸುವಿನ ರೂಪದಲ್ಲಿ ಮನುಷ್ಯನಾಗಿ ಕಾಣಿಸಿಕೊಂಡ ಮೇಲೆ ಆ ರೂಪವನ್ನು ಚಿತ್ರಿಸಬಹುದು ಎಂದು ವಾದಿಸಿದರು. ಗಟ್ಟಿಯಾದ ಮಾತು, ಅಲ್ವಾ?

ಬೇಲಿ ಹಾಕಿದ ಕಡೆಯೂ ಕಲೆ ಬೆಳೆದಿದೆ. ಮಸೀದಿಗಳಲ್ಲಿ ಜೀವಿಗಳ ಚಿತ್ರ ಬೇಡ ಅಂದಾಗ ಅಕ್ಷರಗಳೂ ರೇಖೆಗಳೂ ಅರಳಿದವು.

ನನಗೆ ಜಾಸ್ತಿ ಹತ್ತಿರವಾಗುವವರು ಜರ್ಮನಿಯ ಸಂಗೀತ ರಚನಕಾರ ಬಾಖ್. ಚರ್ಚಿಗಾಗಿ ರಾಶಿ ಸಂಗೀತ ಬರೆದರು, ಕಾಫಿಯ ಬಗ್ಗೆಯೂ ಬರೆದರು. ಎಷ್ಟೋ ಹಸ್ತಪ್ರತಿಗಳ ಕೊನೆಗೆ ‘ದೇವರಿಗಷ್ಟೇ ಮಹಿಮೆ’ ಎಂಬರ್ಥದ ಮೂರು ಅಕ್ಷರ ಹಾಕುತ್ತಿದ್ದರು.