ಮಾವನ ಕೆಂಪು ಹಲ್ಲು ಕಾಣಲಿ ಬಿಡು

ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬಳು ಹಿರಿಸೊಸೆ ಬರೆದಿದ್ದಾಳೆ. ಡಿಸೆಂಬರಿನಲ್ಲಿ ಮಾವನವರ 70ರ ಭೀಮರಥ ಶಾಂತಿ. ಎಲ್ಲರೂ ಸೇರುವುದೇ ಅಪರೂಪ, ಈ ಸಲ ಒಂದು ಒಳ್ಳೆಯ ಫ್ಯಾಮಿಲಿ ಫೋಟೋ ತೆಗೆಸೋಣ ಅಂತ ಹೊರಟವಳು ಇವಳು. ಅಷ್ಟರಲ್ಲಿ ಬೆಂಗಳೂರಿನ ಮೈದುನ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ಕೊಟ್ಟುಬಿಟ್ಟ: ಶಾಂತಿಯ ಮರುದಿನ ಕಾರವಾರದ ಟಾಗೋರ್ ಬೀಚ್, ಬೆಳಿಗ್ಗೆ 11 ಗಂಟೆ, ಎಲ್ಲರಿಗೂ ಬಿಳಿ ಬಟ್ಟೆ. ಅತ್ತೆ "ಬಿಳಿ ಸೀರೆ ಉಡೋದಾ?" ಅಂತ ಒಂದೇ ಸಲ ಕೇಳಿ ಸುಮ್ಮನಾದರಂತೆ. ನಾಲ್ಕು ವರ್ಷದ ಮಗನಿಗೆ ಘಟ್ಟದಲ್ಲಿ ವಾಂತಿ. ಮಾವ ಕ್ಯಾಮೆರಾ ಕಂಡರೆ ಕಲ್ಲು. "ಅಕ್ಕಾ, ಎಲ್ಲರೂ ಆರಾಮಾಗಿ ನಗೋ ಹಾಗೆ ಹೇಗೆ ತಯಾರಿ ಮಾಡಲಿ?" ಅಂತ ಕೇಳಿದ್ದಾಳೆ.

ತಂಗೀ, ನಿನಗಿಂತ ತುಂಬಾ ದೊಡ್ಡವಳು ನಾನು, ನೀನು ಅಂತಲೇ ಬರೆಯುತ್ತೇನೆ. ನಿನ್ನ ಕಾಗದದ ಎರಡನೇ ಪುಟದ ಕೊನೆಗೆ ಒಂದು ಸಾಲು ಇದೆ. "ಮಾವ ನಗೋದು ಸಂಜೆ ನಾಲ್ಕಕ್ಕೆ ಕವಳ ಹಾಕಿ ಜಗುಲಿ ಮೇಲೆ ಕೂತಾಗ ಮಾತ್ರ, ಆದರೆ ಆಗ ಹಲ್ಲೆಲ್ಲ ಕೆಂಪು, ಅದು ಬಿಡಿ." ಯಾಕೆ ಬಿಡಬೇಕು? ಉತ್ತರ ನೀನೇ ಬರೆದಿದ್ದೀಯ, ಬರೆದು ಹೊಡೆದು ಹಾಕಿದ್ದೀಯ ಅಷ್ಟೇ. (ಕವಳ, ಅಂದರೆ ಎಲೆ ಅಡಿಕೆ, ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಆ ಜಗಳ ಇನ್ನೊಂದು ವಾರಕ್ಕಿರಲಿ.)

ಮೈದುನನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಪಾಪ, ಎಲ್ಲೋ ಚಿತ್ರ ನೋಡಿ ಆಸೆಪಟ್ಟಿದ್ದಾನೆ. ಸಿಟ್ಟಿರುವುದು ನಿನ್ನ ಗಂಡನ ಮೇಲೆ. ಇಡೀ ಕಾಗದದಲ್ಲಿ ಆತ ಬರುವುದು ಒಂದೇ ಕಡೆ, "ಇವರು ಗ್ರೂಪಲ್ಲಿ ಹೆಬ್ಬೆರಳು ಒತ್ತಿ ಸುಮ್ಮನಾದರು" ಅಂತ. ತನ್ನ ತಾಯಿ, ಕುಂಕುಮ ಇಟ್ಟ ಮುತ್ತೈದೆ, ಗಂಡನ ಶಾಂತಿಯ ಮಾರನೇ ದಿನ ಬಿಳಿ ಉಡಬೇಕಾ ಅಂತ ಕೇಳಿದಾಗ ಈ ಮನುಷ್ಯ ಹೆಬ್ಬೆರಳು ತೋರಿಸಿದನಲ್ಲ!

ಒಂದೇ ಬಣ್ಣದ ಬಟ್ಟೆಯ ವಿಷಯಕ್ಕೆ ನಾನು ಮೊದಲಿನಿಂದಲೂ ವಿರೋಧಿ, ಈ ಅಂಕಣ ಓದುವವರಿಗೆ ಗೊತ್ತು. ಅದು ಬ್ಯಾಂಡ್ ಸೆಟ್ಟಿನವರಿಗೆ ಸರಿ. ಅದರ ಮೇಲೆ 11 ಗಂಟೆಯ ಕಡಲತೀರ. ಸೂರ್ಯ ನೆತ್ತಿಗೆ ಹತ್ತುವ ಹೊತ್ತಿಗೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ, ಮರಳಿನ ಝಳಕ್ಕೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಬಿಳಿ ಬಟ್ಟೆಯ ನೆರಿಗೆ ಒಂದೂ ಕಾಣದೆ ಸುಣ್ಣ ಬಳಿದ ಹಾಗೆ ಬರುತ್ತದೆ. ಇದಕ್ಕಾಗಿ ದೇವಿಮನೆ ಘಟ್ಟ ಇಳಿದು, ನೂರು ಕಿಲೋಮೀಟರಿಗೂ ಜಾಸ್ತಿ ಹೋಗಿ, ವಾಂತಿ ಮಾಡಿದ ಮಗುವಿನ ಮುಖ ಒರೆಸಿ "ನಗು ಪುಟ್ಟಾ" ಅನ್ನಬೇಕಾ? ನಮ್ಮ ಮನೆಯಲ್ಲೂ ಒಂದು ಹಳೇ ಸ್ಟುಡಿಯೋ ಫೋಟೋ ಇದೆ. ರೀಲಿಗೆ 36 ಫೋಟೋ ಬರುತ್ತಿದ್ದ ಕಾಲ, ಲೆಕ್ಕ ಹಾಕಿ ಒತ್ತುತ್ತಿದ್ದರು. "ಅಲ್ಲಾಡಬೇಡಿ" ಅಂದದ್ದಕ್ಕೆ ನಮ್ಮಪ್ಪ ಉಸಿರು ಹಿಡಿದು ನಿಂತಿದ್ದಾರೆ, ಕತ್ತಿನ ನರ ಎದ್ದು ಕಾಣುತ್ತದೆ. ಅಪ್ಪ ಹಾಗೆ ಇರಲೇ ಇಲ್ಲ. ಈಗ ಗೋಡೆ ಮೇಲೆ ಇರುವುದು ಅದೊಂದೇ.

ಮಾಡಬೇಕಾದ್ದು ಇಷ್ಟೇ: ಫೋಟೋದವನನ್ನು ಮನೆಗೆ ಕರೆಸು, ಶಾಂತಿಯ ಹಿಂದಿನ ದಿನ, ಮಧ್ಯಾಹ್ನ ಮೂರೂವರೆಗೆ. ಶಾಂತಿಯ ದಿನ ಖಂಡಿತ ಬೇಡ, ಹೋಮದ ಹೊಗೆಗೆ ಮಾವನ ಕಣ್ಣು ಕೆಂಪಾಗಿರುತ್ತದೆ, ಮಣೆ ಮೇಲೆ ಕೂತು ಕೂತು ಸೊಂಟ ಹಿಡಿದಿರುತ್ತದೆ. ತಡವೂ ಮಾಡಬೇಡ. ತೋಟದ ಪಕ್ಕದ ಮನೆ ಅಂದಿದ್ದೀಯ, ಚಳಿಗಾಲದಲ್ಲಿ ಅಂಥ ಕಡೆ ಬಿಸಿಲು ಬೇಗ ಗುಡ್ಡದ ಹಿಂದೆ ಹೋಗಿಬಿಡುತ್ತದೆ. ಜಗುಲಿಯ ನೆರಳಿಗೆ ಅಂಗಳದ ಬೆಳಕು ಮೆತ್ತಗೆ ಬರುವ ಹೊತ್ತು ಅದು. ಕೊಯ್ಲಿನ ಕಾಲ, ಅಂಗಳದಲ್ಲಿ ಅಡಿಕೆ ಹರವಿದ್ದರೆ ಹಾಗೇ ಇರಲಿ.

ಬಂದವನಿಗೆ ಮೊದಲು ಚಾ ಕೊಡು, ಮಾವನ ಪಕ್ಕ ಕೂರಿಸಿ ಈ ವರ್ಷದ ಅಡಿಕೆ ಕೊಳೆರೋಗದ ಮಾತು ತೆಗೆ. ಅವರು ತಾವಾಗಿ ಶುರು ಮಾಡುತ್ತಾರೆ, ಆಮೇಲೆ ನಿಲ್ಲಿಸುವುದೇ ಕಷ್ಟ. ಮಗನಿಗೆ ಮೂರು ಗಂಟೆಗೇ ಹೊಟ್ಟೆ ತುಂಬಿಸು. ಹಸಿದ ಮಗುವನ್ನು ನಗಿಸಲು ದೇವರಿಗೂ ಆಗುವುದಿಲ್ಲ ಅಂತ ಎಷ್ಟು ಸಲ ಬರೆದಿದ್ದೇನೋ. ಅತ್ತೆ ತಮಗೆ ಬೇಕಾದ ಸೀರೆ ಉಡಲಿ, ಯಾವುದು ಅಂತ ಕೇಳಲೂ ಬೇಡ.

ಮೈದುನನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಬೇಕಾದದ್ದು ನೀನಲ್ಲ, ಆ ಹೆಬ್ಬೆರಳಿನವನು. ಇವತ್ತೇ. ಮತ್ತೆ, ಫೋಟೋ ತೆಗೆಯುವಾಗ ಯಾರಾದರೂ ಕವಳದ ತಟ್ಟೆ ಎತ್ತಿಡಲು ಬಂದರೆ ಕೈ ಮೇಲೆ ಹೊಡೆ.