ಗೋಡೆಯ ಮೇಲಿನ ಚಿತ್ರ, ಕೊಡಗಿನ ಮಳೆ

ಮನೆಗೆ ಮೂಲ ಕಲಾಕೃತಿಗಳನ್ನು ಕೊಳ್ಳುವ, ಕಾಪಾಡುವ ಬಗ್ಗೆ ಜಿಲ್ಲೆಯ ಓದುಗರಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಹೊಸ ಮನೆ ಕಟ್ಟಿಸಿದ್ದೇವೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿದ ದೊಡ್ಡ ಚಿತ್ರ ಮೂರು ಸಾವಿರಕ್ಕೆ ಸಿಗುತ್ತದೆ. ಅದರ ಅರ್ಧ ಅಳತೆಯ ಮೂಲ ಜಲವರ್ಣಕ್ಕೆ ಕಲಾವಿದರು ಹದಿನೈದು ಸಾವಿರ ಹೇಳುತ್ತಿದ್ದಾರೆ. ಅಷ್ಟು ಕೊಟ್ಟರೆ ಮುಂದೆ ಬೆಲೆ ಬರುತ್ತದೆಯೇ?
— ಮಡಿಕೇರಿ

ಲಾಭದ ಲೆಕ್ಕ ಹಾಕಿ ಕೊಳ್ಳಬೇಡಿ. ಚಿತ್ರಕ್ಕೆ ಚಿನ್ನದಂತೆ ದಿನದ ದರವಿಲ್ಲ. ಮಾರಲು ಹೊರಟರೆ ಗಿರಾಕಿಯನ್ನು ನೀವೇ ಹುಡುಕಬೇಕು, ಹಾಕಿದ ದುಡ್ಡು ಹುಟ್ಟದೇ ಹೋಗುವುದೇ ಹೆಚ್ಚು. ಆದರೂ ಮೂಲ ಚಿತ್ರವನ್ನೇ ಕೊಳ್ಳಿ. ಪ್ರಿಂಟ್ ಮಾಸಿದರೆ ಕಿತ್ತು ಹೊಸದು ತರುವುದೊಂದೇ ದಾರಿ. ಮೂಲ ಚಿತ್ರ ಹರಿದರೆ ಸಂರಕ್ಷಣಾ ತಜ್ಞರು ಜೋಡಿಸಿಕೊಡುತ್ತಾರೆ. ನೂರು ವರ್ಷದ ನಂತರವೂ ಅದು ಆ ಕೈ ಬರೆದ ಅದೇ ಚಿತ್ರ, ಇನ್ನೊಂದಿಲ್ಲ. ಮನೆಯಲ್ಲಿ ಉಳಿಯುವ ಬೆಲೆ ಅದು.

ಮೂಲವೇ ಎಂದು ನೋಡಲು ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ಬಣ್ಣದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಅದು ಪ್ರಿಂಟ್. ಜಲವರ್ಣದಲ್ಲಿ ಬಣ್ಣ ಒಣಗುವಾಗ ಅಂಚಿಗೆ ಸರಿದು ಗಾಢವಾದ ಗೆರೆ ಬಿಟ್ಟಿರುತ್ತದೆ, ಕಾಗದದ ಗುಳಿಗಳಲ್ಲಿ ತಂಗಿರುತ್ತದೆ. ಕ್ಯಾನ್ವಾಸ್ ಪ್ರಿಂಟ್ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗುರುತು ಮಾಡಿರುವುದೂ ಉಂಟು. ಪಕ್ಕದಿಂದ ಟಾರ್ಚ್ ಹಿಡಿಯಿರಿ: ಆ ಗುರುತುಗಳು ಚಿತ್ರದ ಆಕಾರಗಳನ್ನು ಅನುಸರಿಸದೆ ತಮ್ಮ ಪಾಡಿಗೆ ಓಡಿರುತ್ತವೆ.

ಕಾಗದ ಶೇ 100 ಹತ್ತಿಯದೇ, ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಎಂದು ಕೇಳಿ. 300 ಇದ್ದರೆ ಒಳ್ಳೆಯದು. ಬಣ್ಣಗಳ ಹೆಸರನ್ನೂ ಕೇಳಿ. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು, ಹೊಳೆಯುವ ಗುಲಾಬಿ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಬೆಲೆ ಬರೆದು ಕಲಾವಿದರು ಸಹಿ ಮಾಡಿದ ರಸೀದಿ ಇಲ್ಲದೆ ಚಿತ್ರ ತರಬೇಡಿ. ಯಾರದೆಂದು ಹೇಳುವವರು ಇಲ್ಲದ ಕಾಲಕ್ಕೆ ಆ ಚೀಟಿಯೇ ಸಾಕ್ಷಿ. ಇನ್ನಷ್ಟು ನೋಡಿ ಕೊಳ್ಳಬೇಕೆಂದಿದ್ದರೆ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ಕಲಾವಿದರೊಂದಿಗೆ ನೇರವಾಗಿ ಮಾತಾಡಬಹುದು.

ಮಳೆಗಾಲದಲ್ಲಿ ಜಲವರ್ಣ ಚಿತ್ರದ ಮೇಲೆ ಗಾಜಿನ ಒಳಗೇ ಬಿಳಿ ಬೂಷ್ಟು ಬಂದಿದೆ. ಒರೆಸಬಹುದೇ?
— ನಾಪೋಕ್ಲು

ಒರೆಸಬೇಡಿ, ಬಿಸಿಲಿಗೂ ಇಡಬೇಡಿ. ಒದ್ದೆ ಬಟ್ಟೆ ತಾಗಿದರೆ ಬೂಷ್ಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಬಣ್ಣವೂ ಕದಡುತ್ತದೆ. ಎನ್95 ಮಾಸ್ಕ್ ಹಾಕಿಕೊಂಡು ಫ್ರೇಮಿನ ಹಿಂಬದಿ ಬಿಚ್ಚಿ, ಚಿತ್ರವನ್ನು ಬ್ಲಾಟಿಂಗ್ ಕಾಗದದ ಮೇಲೆ ಮಲಗಿಸಿ, ಒಣ ಕೋಣೆಯಲ್ಲಿ ಫ್ಯಾನ್ ಓಡಲಿ, ಗಾಳಿ ನೇರ ಚಿತ್ರಕ್ಕೆ ಹೊಡೆಯದಿರಲಿ. ಅಂಟಂಟಾಗಿದ್ದ ಬೂಷ್ಟು ಪುಡಿಯಾದ ಮೇಲೆ ಜಗಲಿಗೆ ತಂದು, ತೀರ ಮೃದುವಾದ ಕುಂಚದಿಂದ ಹೊರಮುಖವಾಗಿ ಹಗುರಕ್ಕೆ ಕೊಡವಿ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಲೇಬೇಡಿ, ಗಾಜಿನ ಸಮೇತ ತಜ್ಞರ ಹತ್ತಿರ ಒಯ್ಯಿರಿ. ಉಳಿದ ಕಂದು ಚುಕ್ಕೆಗಳನ್ನು ಕೆರೆಯುವ ಗೋಜು ಬೇಡ.

ಬೂಷ್ಟು ಬರಲು ಮೂಲ ಕಾರಣ ಫ್ರೇಮ್ ಹಾಕಿದ ರೀತಿ. ಪೇಟೆಯ ಫ್ರೇಮಿನಂಗಡಿಗಳಲ್ಲಿ ಸಾಮಾನ್ಯವಾಗಿ ಗಾಜು ನೇರ ಕಾಗದಕ್ಕೆ ತಾಗಿರುತ್ತದೆ, ಹಿಂದೆ ಹಾರ್ಡ್‌ಬೋರ್ಡ್, ಸುತ್ತ ಸೆಲ್ಲೋಟೇಪ್. ಮಳೆಗೆ ಹೊರಗೋಡೆ ತಣ್ಣಗಾಗಿ ಗಾಜಿನೊಳಗೆ ತೇವ ಕಟ್ಟುತ್ತದೆ, ಅದು ಹೋಗಲು ಜಾಗವಿಲ್ಲ. ಮತ್ತೆ ಫ್ರೇಮ್ ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡನ್ನು (ದಪ್ಪ ರಟ್ಟು) ಚಿತ್ರ ಕಾಣುವಂತೆ ಕಿಟಕಿ ಕತ್ತರಿಸಿಡಲು ಹೇಳಿ. ಒಂದೂವರೆ ಮಿಲಿಮೀಟರ್ ದಪ್ಪವಿದ್ದರೂ ಗಾಜು ಚಿತ್ರದಿಂದ ದೂರ ನಿಲ್ಲುತ್ತದೆ. ಚಿತ್ರವನ್ನು ಮೇಲಂಚಿನ ಎರಡು ಕಡೆ ಮಾತ್ರ, ತೆಳು ಜಪಾನೀ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಹಿಡಿಸಬೇಕು. ಫೆವಿಕಾಲ್ ಬೇಡ, ಮುಂದೆ ಬಿಡಿಸಲಾಗುವುದಿಲ್ಲ. ಬೆನ್ನಿಗೆ ಹಾರ್ಡ್‌ಬೋರ್ಡಿನ ಬದಲು ಗೆರೆಗೆರೆಯ ಪಾಲಿಪ್ರೊಪಿಲೀನ್ ಹಾಳೆ. ಕೆಳಮೂಲೆಗಳ ಹಿಂದೆ ಒಂದು ಸೆಂಟಿಮೀಟರ್ ಬಿರಡೆ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ.

ತೂಗುವುದು ಒಳಗೋಡೆಗೆ. ನೈಋತ್ಯದ ಮಳೆಗಾಳಿ ಬಡಿಯುವ ಗೋಡೆ, ಒಲೆಯ ಹೊಗೆ ತಾಗುವ ಗೋಡೆ ಎರಡೂ ಬೇಡ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿಯ ತೇವದ ಮಟ್ಟ, ಶೇ 65 ದಾಟಿ ನಿಂತರೆ ಬೂಷ್ಟಿಗೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಲ್ಲದೆ ಅದಕ್ಕಿಂತ ಕೆಳಗಿಡುವುದು ಕಷ್ಟ. ಯಂತ್ರವಿಲ್ಲದವರು ಕಾಗದದ ಚಿತ್ರಗಳನ್ನು ಮೇ ತಿಂಗಳಲ್ಲೇ, ಒಣಗಿರುವಾಗ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. 50 ಲೀಟರ್ ಡಬ್ಬಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹರಳು ಅರ್ಧ ಕೆಜಿ ಹಾಕಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಮಳೆ ಹಿಡಿದ ಮೇಲೆ ಮುಚ್ಚಿಟ್ಟರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ.

ಐದು ವರ್ಷದ ಹಿಂದೆ ಕೊಂಡ ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ಭಾಗ ಹಸಿರುಗಪ್ಪಾಗುತ್ತಿದೆ. ತೊಳೆದರೆ ಹೋಗುತ್ತದೆಯೇ?
— ಕುಶಾಲನಗರ

ನೀರು ಮುಟ್ಟಿಸಬೇಡಿ, ಗಾಜು ಒರೆಸುವ ದ್ರಾವಣವಂತೂ ಬೇಡವೇ ಬೇಡ. ಚಿನ್ನದ ಹಾಳೆಯ ಅಡಿಯ ಉಬ್ಬುಕೆಲಸಕ್ಕೆ ಅಂಟೇ ಆಧಾರ, ತೇವ ತಾಗಿದರೆ ಮೆತ್ತಗಾಗಿ ಹಾಳೆ ಸಮೇತ ಏಳುತ್ತದೆ. ಅಸಲಿ ಚಿನ್ನ ಹಸಿರಾಗುವುದಿಲ್ಲ. ನಿಮ್ಮದರಲ್ಲಿ ಬಳಸಿರುವುದು ತಾಮ್ರ, ಸತು ಬೆರೆತ ನಕಲಿ ಹಾಳೆ ಇರಬೇಕು. ಹಾಳೆ ಯಾವುದು, ಎಷ್ಟು ಕ್ಯಾರೆಟ್ ಎಂದು ಕೊಳ್ಳುವಾಗಲೇ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮೈಸೂರು ಸಾಂಪ್ರದಾಯಿಕ ಚಿತ್ರಕ್ಕೆ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಇದೆ, ಆದರೆ ಆ ಹೆಸರು ಹೇಳಿ ಮಾರುವವರೆಲ್ಲ ಅಸಲಿ ಹಾಳೆ ಬಳಸುತ್ತಾರೆಂದಲ್ಲ. ಈಗ ಮಾಡಬಹುದಾದದ್ದು, ಅದೇ ಶೈಲಿಯ ಕಲಾವಿದರಿಂದ ಆ ಭಾಗಕ್ಕೆ ಮಾತ್ರ ಹಾಳೆ ಬದಲಿಸುವುದು. ಇಂಥ ಚಿತ್ರವನ್ನು ಸಿಲಿಕಾ ಜೆಲ್ ಡಬ್ಬದಲ್ಲಿಡಬೇಡಿ. ಅತಿಯಾಗಿ ಒಣಗಿದರೆ ಉಬ್ಬುಕೆಲಸ ಬಿರಿಯುತ್ತದೆ.

ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 4/25 ಎಂದಿದೆ. ಇದು ಮೂಲವೋ, ಪ್ರತಿಯೋ?
— ಸೋಮವಾರಪೇಟೆ

ಮರದ ಅಚ್ಚು ಅಥವಾ ಲೋಹದ ಫಲಕದಿಂದ ಕಲಾವಿದರು ಕೈಯಾರೆ ಒತ್ತಿದ್ದಾದರೆ ಮೂಲವೇ: 25 ಪ್ರತಿಗಳ ಪೈಕಿ ನಾಲ್ಕನೆಯದು. ಲೋಹದ ಫಲಕದ್ದಾದರೆ ಕಾಗದದಲ್ಲಿ ಫಲಕದ ಅಂಚು ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ. ಇಂಕ್‌ಜೆಟ್ ಪ್ರಿಂಟಿಗೂ ಹೀಗೇ ಅಂಕಿ ಹಾಕಿ ಮಾರುತ್ತಾರೆ, ಮಸೂರದಲ್ಲಿ ನೋಡಿ.

ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಹಳೆಯ ಮರದ ಕೆತ್ತನೆ ವಿಗ್ರಹಗಳೂ ಒಂದು ಹಳೇ ವರ್ಣಚಿತ್ರವೂ ಇವೆ. ಹೊರಗಿನವರು ಒಳ್ಳೆ ಬೆಲೆ ಹೇಳುತ್ತಿದ್ದಾರೆ.
— ವಿರಾಜಪೇಟೆ

ಮೊದಲು ಅದು ನಿಮ್ಮೊಬ್ಬರದಲ್ಲ, ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಒಕ್ಕದ ಹಿರಿಯರಾದ ಪಟ್ಟೆದಾರರನ್ನೂ ಉಳಿದವರನ್ನೂ ಕೂರಿಸಿ ಮಾತಾಡದೆ ಮುಂದುವರಿಯಬೇಡಿ. ಎರಡನೆಯದು, ನೂರು ವರ್ಷ ದಾಟಿದ ಚಿತ್ರ, ಶಿಲ್ಪಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನೋಂದಣಿ ಮಾಡಿಸಬೇಕು, ಕೈಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು, ವ್ಯಾಪಾರಿಗೆ ಪರವಾನಗಿ ಇರಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತೆಯೇ ಇಲ್ಲ. ಬೆಲೆ ಹೇಳಿದವರ ಹತ್ತಿರ ಪರವಾನಗಿ ಕೇಳಿ ನೋಡಿ. ಮಾರದಿರುವುದೇ ಮೇಲೆಂದು ನಮ್ಮ ಸಲಹೆ: ಪ್ರತಿ ವಸ್ತುವಿನ ಹಿಂದು ಮುಂದು ಫೋಟೊ ತೆಗೆದು, ಅಳತೆ ಬರೆದು, ಹಿರಿಯರಿಗೆ ತಿಳಿದದ್ದನ್ನೆಲ್ಲ ದಾಖಲಿಸಿ. ಕೆತ್ತನೆಯ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆಹುಳು ಒಳಗಿದೆ, ಬೇರೆ ಮರದ ಸಾಮಾನಿನಿಂದ ಕೂಡಲೇ ದೂರವಿಡಿ. ವಾರ್ನಿಷ್ ಬಳಿಯಬೇಡಿ.

ಹೋಂಸ್ಟೇಗೆ ಕೊಂಡ ಚಿತ್ರವನ್ನು ನಮ್ಮ ಕರಪತ್ರದಲ್ಲಿ ಅಚ್ಚು ಹಾಕಿಸಬಹುದೇ?
— ಕಕ್ಕಬ್ಬೆ

ಕಲಾವಿದರ ಲಿಖಿತ ಒಪ್ಪಿಗೆ ಬೇಕು. ಚಿತ್ರ ನಿಮ್ಮದಾದರೂ ಕೃತಿಸ್ವಾಮ್ಯ ಅವರದೇ, ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ನೀವೇ ಹಣ ಕೊಟ್ಟು ಹೇಳಿ ಬರೆಸಿದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕೃತಿಸ್ವಾಮ್ಯ ನಿಮ್ಮದು. ಆಗಲೂ ಕಲಾವಿದರ ಹೆಸರು ಹಾಕಿ. ಕಲಾವಿದರದೇ ಸ್ವಾಮ್ಯವಿದ್ದ ಮೂಲ ಚಿತ್ರವನ್ನು ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಮಾಡಿದರೆ ಅವರಿಗೆ ಅಥವಾ ವಾರಸುದಾರರಿಗೆ ಒಂದು ಪಾಲಿನ ಹಕ್ಕಿದೆ, ಅದು ಬೆಲೆಯ ಶೇ 10ನ್ನು ಮೀರುವಂತಿಲ್ಲ.